ಎಣ್ಣೆಯಿಂದ ವಿದ್ಯುಚ್ಛಕ್ತಿ: ಅದರ ಬಲ, ಅದರ ಬೆಲೆ

(ಸಾರ್ವಜನಿಕ ವಾಚನಾಲಯದಲ್ಲಿ ಶಿಕ್ಷಕರ ಹಾಗೂ ನಾಗರಿಕರ ಸಭೆಯ ಮುಂದೆ ಮಾಡಿದ ಭಾಷಣ)



ಕಳೆದ ತಿಂಗಳು ಇದೇ ಸಭಾಗೃಹದಲ್ಲಿ ನಾವೆಲ್ಲರೂ ಕೂಡಿದ್ದಾಗ ದೀಪಗಳು ಒಮ್ಮೆಲೇ ಆರಿಹೋದದ್ದು ತಮ್ಮ ನೆನಪಿನಲ್ಲಿರಬಹುದು. ಎರಡು ನಿಮಿಷ ಕತ್ತಲೆ; ಬಳಿಕ ಹಿತ್ತಲಲ್ಲಿಯ ಡೀಸೆಲ್ ಯಂತ್ರವು ಗುಡುಗಿ ಎದ್ದಿತು, ದೀಪಗಳು ಹತ್ತಿದವು, ಭಾಷಣವು ನಿಂತಲ್ಲಿಂದ ಮುಂದುವರಿಯಿತು. ಆಗ ನಮ್ಮ ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕರೊಬ್ಬರು, “ಇಷ್ಟು ಬೇಗ ಬೆಳಕು ಕೊಡುವ ಯಂತ್ರವಿರುವಾಗ, ಇಂಥದೇ ದೊಡ್ಡದೊಂದನ್ನು ನಿಲ್ಲಿಸಿ ಊರಿಗೆಲ್ಲ ವಿದ್ಯುತ್ತು ಕೊಡಬಾರದೇಕೆ?” ಎಂದು ಕೇಳಿದರು. ಪ್ರಶ್ನೆಯು ಸರಳವಾದುದು, ಉತ್ತರವು ಅಷ್ಟು ಸರಳವಾದುದಲ್ಲ. ಆ ಪ್ರಶ್ನೆಯನ್ನು ಜಗತ್ತಿನ ಅನೇಕ ರಾಷ್ಟ್ರಗಳು ಕೇಳಿಕೊಂಡವು. ಕೆಲವು ತಕ್ಕ ಉತ್ತರವನ್ನು ಕಂಡುಕೊಂಡವು, ಕೆಲವು ಇಂದಿಗೂ ಕತ್ತಲೆಯಲ್ಲಿ ಕುಳಿತಿವೆ. ನಮ್ಮ ಕನ್ನಡ ನಾಡೂ ಒಮ್ಮೆ ಅದನ್ನು ಕೇಳಿಕೊಂಡಿತು. ಆದುದರಿಂದ ಎಣ್ಣೆಯನ್ನು ಸುಟ್ಟು ವಿದ್ಯುಚ್ಛಕ್ತಿಯನ್ನು ಉತ್ಪನ್ನ ಮಾಡುವ ಯಂತ್ರಾಗಾರಗಳ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ತಮ್ಮ ಮುಂದಿಡುವೆವು.

ಮೊದಲು ಈ ಯಂತ್ರಾಗಾರಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಎಣ್ಣೆಯಿಂದ ವಿದ್ಯುತ್ತನ್ನು ಪಡೆಯುವದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳುಂಟು. ಒಂದನೆಯದು ಉಗಿಯ ಮಾರ್ಗ. ದೊಡ್ಡ ಕುಲುಮೆಯಲ್ಲಿ ಎಣ್ಣೆಯನ್ನು ತುಂತುರುಮಾಡಿ ಸುಟ್ಟು, ನೀರನ್ನು ಉಗಿಯನ್ನಾಗಿ ಮಾಡಿ, ಆ ಉಗಿಯ ಒತ್ತಡದಿಂದ ಚಕ್ರವನ್ನು ತಿರುಗಿಸುವದು. ಕಲ್ಲಿದ್ದಲಿನ ಯಂತ್ರಾಗಾರಕ್ಕೂ ಇದಕ್ಕೂ ಉರುವಲಿನಲ್ಲಿ ಮಾತ್ರ ಭೇದ. ಎರಡನೆಯದು ಡೀಸೆಲ್ ಯಂತ್ರದ ಮಾರ್ಗ. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ನಡೆಯಿಸಿ ತೋರಿಸಿದ ಈ ಯಂತ್ರದಲ್ಲಿ ಉಗಿಯ ಮಧ್ಯಸ್ತಿಕೆಯೇ ಇಲ್ಲ. ಕೊಳವೆಯೊಳಗಿನ ಗಾಳಿಯನ್ನು ಅತಿಯಾಗಿ ಒತ್ತಿದರೆ ಅದು ಕಾಯುವದು. ಆ ಕಾದ ಗಾಳಿಯಲ್ಲಿ ಎಣ್ಣೆಯನ್ನು ಚಿಮ್ಮಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಂಡು ಕೊಂತವನ್ನು ದೂಡುವದು. ಮೂರನೆಯದು ಅನಿಲ ಚಕ್ರದ ಮಾರ್ಗ. ಇಲ್ಲಿ ಎಣ್ಣೆಯನ್ನು ಸುಟ್ಟಾಗ ಹುಟ್ಟುವ ಬಿಸಿಯಾದ ಅನಿಲವೇ ನೇರವಾಗಿ ಚಕ್ರವನ್ನು ತಿರುಗಿಸುವದು. ವಿಮಾನದ ಯಂತ್ರದ ತತ್ತ್ವವೂ ಇದೇ.

ಇವುಗಳಿಗೆ ಹಾಕುವ ಎಣ್ಣೆಯೂ ಒಂದೇ ತೆರನಾದುದಲ್ಲ. ಭೂಮಿಯಿಂದ ತೆಗೆದ ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಮೊದಲಾದವುಗಳನ್ನು ಬೇರ್ಪಡಿಸಿದ ಮೇಲೆ ತಳದಲ್ಲಿ ಕಪ್ಪಗಿನ ಮಂದವಾದ ಶೇಷವೊಂದು ಉಳಿಯುವದು. ಅದಕ್ಕೆ ಕುಲುಮೆ ಎಣ್ಣೆಯೆಂದು ಹೆಸರು. ಅದು ಕಾಕಂಬಿಯಂತೆ ದಪ್ಪಗಿರುವದರಿಂದ ಕಾಯಿಸಿದ ಹೊರತು ಕೊಳವೆಯಲ್ಲಿ ಹರಿಯದು. ಅದರಲ್ಲಿ ಗಂಧಕವೂ ಬಹಳ. ಆದರೂ ಡೀಸೆಲಿಗಿಂತ ಸೋವಿಯಾದುದರಿಂದ ದೊಡ್ಡ ಯಂತ್ರಾಗಾರಗಳು ಬಹುಶಃ ಇದನ್ನೇ ಸುಡುವವು.

ಶಿಕ್ಷಕರ ಮುಂದೆ ಮಾತಾಡುವಾಗ ಒಂದು ಲೆಕ್ಕವನ್ನು ಹೇಳದೆ ಮುಂದೆ ಹೋಗುವದು ಸರಿಯಲ್ಲ. ಒಂದು ಯುನಿಟ್ಟು ವಿದ್ಯುತ್ತು ಎಂದರೆ 860 ಕಿಲೊಕ್ಯಾಲರಿ ಶಾಖಕ್ಕೆ ಸಮಾನ. ಒಂದು ಕಿಲೊಗ್ರಾಂ ಎಣ್ಣೆಯು ಸುಮಾರು 10,000 ಕಿಲೊಕ್ಯಾಲರಿ ಶಾಖವನ್ನು ಕೊಡುವದು. ಆದರೆ ಯಾವ ಯಂತ್ರವೂ ಉಂಡುದೆಲ್ಲವನ್ನೂ ಕೆಲಸವನ್ನಾಗಿ ಮಾರ್ಪಡಿಸಲಾರದು. ಒಳ್ಳೆಯ ಡೀಸೆಲ್ ಯಂತ್ರವು ನೂರಕ್ಕೆ ನಾಲ್ವತ್ತರಷ್ಟನ್ನು ವಿದ್ಯುತ್ತನ್ನಾಗಿ ಮಾಡಿ, ಉಳಿದ ಅರವತ್ತನ್ನು ಹೊಗೆಗೂ ನೀರಿಗೂ ಒಪ್ಪಿಸಿಬಿಡುವದು. ಹೀಗೆ ಲೆಕ್ಕಹಾಕಿದರೆ ಒಂದು ಯುನಿಟ್ಟಿಗೆ 215 ಗ್ರಾಂ ಎಣ್ಣೆ ಬೇಕಾಗುವದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯು ಹೆಚ್ಚಾದ ಕಾರಣ ಅದೇ ಒಂದು ಯುನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ತೂಕದಲ್ಲಿ ನೋಡಿದರೆ ಎಣ್ಣೆಯ ಬಲವು ಕಲ್ಲಿದ್ದಲಿನ ಮೂರು ಪಟ್ಟಿಗೂ ಮಿಕ್ಕಿದುದು.

ಈ ಬಲದಿಂದಲೇ ಎಣ್ಣೆಗೆ ಅದರ ಗುಣಗಳೆಲ್ಲ ಬಂದಿರುವವು. ಅದನ್ನು ಹಡಗಿನಲ್ಲಿ, ರೈಲಿನಲ್ಲಿ, ರಸ್ತೆಯ ಟ್ಯಾಂಕರಿನಲ್ಲಿ ಎಲ್ಲಿಗಾದರೂ ಒಯ್ಯಬಹುದು. ಬೂದಿಯ ಗುಡ್ಡೆಗಳಿಲ್ಲ, ಗಣಿಯ ಬಾಯಿಗೆ ಅಂಟಿಕೊಂಡು ಕೂಡ್ರಬೇಕಾಗಿಲ್ಲ, ಕಣಿವೆಯನ್ನು ಮುಳುಗಿಸಿ ಹಳ್ಳಿಗರನ್ನು ಎಬ್ಬಿಸಬೇಕಾಗಿಲ್ಲ. ಅಣೆಕಟ್ಟಿನ ಯೋಜನೆಗೆ ಹತ್ತಿಪ್ಪತ್ತು ವರುಷಗಳು ಹಿಡಿದರೆ ಡೀಸೆಲ್ ಯಂತ್ರಾಗಾರವು ಎರಡು ಮೂರು ವರುಷಗಳಲ್ಲಿ ನಿಲ್ಲುವದು. ತಣ್ಣಗಾದ ಕಲ್ಲಿದ್ದಲಿನ ಕುಲುಮೆಗೆ ಬಿಸಿಯೇರಿ ಪೂರ್ಣ ಶಕ್ತಿ ಬರುವದಕ್ಕೆ ಅನೇಕ ತಾಸುಗಳು ಬೇಕಾಗುವಲ್ಲಿ, ಡೀಸೆಲ್ ಯಂತ್ರವು ಕೆಲವೇ ನಿಮಿಷಗಳಲ್ಲಿ ಕೆಲಸಕ್ಕೆ ಸಿದ್ಧ. ಇಷ್ಟೇ ಅಲ್ಲ, ಕಲ್ಲಿದ್ದಲಿನ ಯಂತ್ರಾಗಾರವು ಕೂಡ ಎಣ್ಣೆಯ ಉಪಕಾರವಿಲ್ಲದೆ ಏಳಲಾರದು. ಕುಲುಮೆಯು ಮೊದಲು ಎಣ್ಣೆಯ ಜ್ವಾಲೆಯಿಂದ ಕಾಯಬೇಕು. ಬಳಿಕವೇ ಕಲ್ಲಿದ್ದಲಿನ ಪುಡಿಯು ಹೊತ್ತಿಕೊಳ್ಳುವದು. ಇಡೀ ಸೀಮೆಯೇ ಕತ್ತಲೆಯಾಗಿ ಯಾವ ತಂತಿಯಲ್ಲಿಯೂ ವಿದ್ಯುತ್ತಿಲ್ಲದಾಗ, ಬಿದ್ದ ಯಂತ್ರಾಗಾರಗಳನ್ನು ಮರಳಿ ಎಬ್ಬಿಸುವದಕ್ಕೆ ಮೊದಲ ಕೈಯಾಸರೆಯನ್ನು ಕೊಡುವದು ಅನೇಕ ಕಡೆಗಳಲ್ಲಿ ಒಂದು ಚಿಕ್ಕ ಡೀಸೆಲ್ ಯಂತ್ರವೇ. ಈ ಸೇವೆಯನ್ನು ಅಲ್ಲಗಳೆಯುವದು ಅನ್ಯಾಯವಾದೀತು.

ಹಾಗಾದರೆ ದೋಷವೆಲ್ಲಿ? ದೋಷವು ಯಂತ್ರದಲ್ಲಿಲ್ಲ, ಅದರ ಆಹಾರವು ಬರುವ ದಾರಿಯಲ್ಲಿದೆ. ಇದನ್ನು ಜಗತ್ತು 1973ರಲ್ಲಿ ಕಲಿಯಿತು.

ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮ ಏಶಿಯದ ಎಣ್ಣೆಯು ಹೊಳೆಯಂತೆ ಹರಿದುಬಂದಿತು. ಬೆಲೆಯು ಎಷ್ಟು ಇಳಿಯಿತೆಂದರೆ, ಸ್ವಂತ ಕಲ್ಲಿದ್ದಲಿನ ಗಣಿಗಳುಳ್ಳ ದೇಶಗಳು ಕೂಡ ಅವುಗಳನ್ನು ಮುಚ್ಚಿ ಎಣ್ಣೆಯ ಕುಲುಮೆಗಳನ್ನು ಕಟ್ಟಿಕೊಂಡವು. 1973ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಕಾಲು ಭಾಗವು ಎಣ್ಣೆಯಿಂದಲೇ ಹುಟ್ಟುತ್ತಿತ್ತು. ಸ್ವಂತ ಎಣ್ಣೆಯೆಂಬುದೇ ಇಲ್ಲದ ಜಪಾನವು ತನ್ನ ವಿದ್ಯುತ್ತಿನ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಭಾಗಕ್ಕೆ ಅದನ್ನೇ ನಂಬಿತ್ತು. ಆ ವರುಷದ ಅಕ್ಟೋಬರದಲ್ಲಿ ಅರಬ ರಾಷ್ಟ್ರಗಳಿಗೂ ಇಸ್ರೇಲಿಗೂ ಯುದ್ಧವು ಹೊತ್ತಿತು. ಅರಬ ರಾಷ್ಟ್ರಗಳು ಎಣ್ಣೆಯ ಮೇಲೆ ನಿರ್ಬಂಧವನ್ನು ಹಾಕಿದವು. ಸುಮಾರು 3 ಡಾಲರಿಗೆ ದೊರೆಯುತ್ತಿದ್ದ ಒಂದು ಪೀಪಾಯಿ ಎಣ್ಣೆಯ ಬೆಲೆಯು 1974ರ ಜನವರಿಯ ಹೊತ್ತಿಗೆ 11 ಡಾಲರನ್ನು ಮೀರಿತು. ರಾತ್ರಿ ಕಳೆದು ಬೆಳಗಾಗುವದರೊಳಗೆ ಸೋವಿಯ ಉರುವಲು ತುಟ್ಟಿಯಾಯಿತು. ಕುಲುಮೆಗಳು ಅವೇ, ಚಕ್ರಗಳು ಅವೇ, ಕೆಲಸಗಾರರು ಅವರೇ; ಆದರೆ ಕೀಲಿಕೈಯು ಮಾತ್ರ ಪರರ ಉಡಿಯಲ್ಲಿತ್ತು.

ಪೆಟ್ಟು ತಿಂದ ದೇಶಗಳಲ್ಲಿ ಜಾಣರಾದವರು ಕೂಡಲೇ ಎಚ್ಚತ್ತರು. ಫ್ರಾನ್ಸವು 1974ರಲ್ಲಿ ಅಣುಶಕ್ತಿಯ ದೊಡ್ಡ ಯೋಜನೆಯನ್ನು ಕೈಕೊಂಡು ಮುಂದೆ ತನ್ನ ವಿದ್ಯುತ್ತಿನ ಬಹುಭಾಗವನ್ನು ಅದರಿಂದಲೇ ಪಡೆಯಿತು. ಜಪಾನವು ಅಣುಶಕ್ತಿ, ಕಲ್ಲಿದ್ದಲು, ನೈಸರ್ಗಿಕ ಅನಿಲಗಳತ್ತ ಹೊರಳಿತು. 1979ರಲ್ಲಿ ಇರಾಣದ ಕ್ರಾಂತಿಯಿಂದ ಎರಡನೆಯ ಪೆಟ್ಟು ಬಿದ್ದ ಮೇಲಂತೂ ಹೊಸದಾಗಿ ಎಣ್ಣೆಯ ದೊಡ್ಡ ಯಂತ್ರಾಗಾರವನ್ನು ಕಟ್ಟುವ ಧೈರ್ಯವು ಹೆಚ್ಚಿನ ದೇಶಗಳಲ್ಲಿ ಉಳಿಯಲಿಲ್ಲ. ಕಾಲು ಭಾಗವಿದ್ದ ಎಣ್ಣೆಯ ಪಾಲು ಇಂದು ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಮೂರಕ್ಕಿಂತಲೂ ಕೆಳಗಿಳಿದಿದೆ.

ಎಚ್ಚರಗೊಳ್ಳದವರ, ಅಥವಾ ಎಚ್ಚರಗೊಂಡರೂ ಏಳಲಾರದವರ ಗತಿಯೇನಾಯಿತೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಲೆಬನಾನ್ ಎಂಬ ಚಿಕ್ಕ ದೇಶವು ತನ್ನ ವಿದ್ಯುತ್ತಿಗೆ ಬಹುಮಟ್ಟಿಗೆ ಆಮದಾದ ಎಣ್ಣೆಯನ್ನೇ ನೆಚ್ಚಿಕೊಂಡಿತ್ತು. ಸರಕಾರದ ಬೊಕ್ಕಸವು ಬರಿದಾಗಿ ಎಣ್ಣೆ ಕೊಳ್ಳುವದಕ್ಕೆ ಡಾಲರುಗಳಿಲ್ಲದಾದಾಗ, 2021ರ ಅಕ್ಟೋಬರದಲ್ಲಿ ಜಹ್ರಾನಿ ಮತ್ತು ದೈರ್ ಅಮ್ಮಾರ್ ಎಂಬ ಎರಡು ಮುಖ್ಯ ಯಂತ್ರಾಗಾರಗಳು ನಿಂತು ಇಡೀ ದೇಶವು ಕತ್ತಲೆಯಲ್ಲಿ ಮುಳುಗಿತು. ಸೈನ್ಯವು ತನ್ನ ಸಂಗ್ರಹದಿಂದ ಎಣ್ಣೆಯನ್ನು ಕೊಟ್ಟ ಮೇಲೆಯೇ ದೀಪಗಳು ಹತ್ತಿದವು. 2024ರ ಅಗಸ್ಟದಲ್ಲಿ ಮತ್ತೆ ಅದೇ ಅವಸ್ಥೆ. ಅಲ್ಲಿಯ ಓಣಿಓಣಿಗಳಲ್ಲಿ ಖಾಸಗಿ ಡೀಸೆಲ್ ಯಂತ್ರಗಳ ಒಡೆಯರು ತಂತಿಯೆಳೆದು ವಿದ್ಯುತ್ತನ್ನು ಮಾರುತ್ತಿದ್ದಾರೆ. ಕೊಳ್ಳಲು ಶಕ್ತಿಯಿದ್ದವನಿಗೆ ಬೆಳಕು, ಇಲ್ಲದವನಿಗೆ ಮೇಣದ ಬತ್ತಿ.

ಎರಡನೆಯದು ಕ್ಯೂಬಾ ದ್ವೀಪ. ಅಲ್ಲಿಯ ಯಂತ್ರಾಗಾರಗಳು ಹಳೆಯವು; ಅವುಗಳಿಗೆ ಹಾಕುವ ದೇಶೀಯ ಎಣ್ಣೆಯು ಗಂಧಕದಿಂದ ತುಂಬಿ ಕೊಳವೆಗಳನ್ನು ತಿನ್ನುವಂಥದು; ಹೊರಗಿನ ಎಣ್ಣೆಗೆ ಹಣವಿಲ್ಲ. 2024ರ ಅಕ್ಟೋಬರ 18ರಂದು ಮಟಾಂಜಾಸ್ ಪಟ್ಟಣದ ಆಂಟೋನಿಯೊ ಗುಯಿಟೆರಾಸ್ ಎಂಬ ದೊಡ್ಡ ಯಂತ್ರಾಗಾರವು ನಿಂತೊಡನೆ ಸುಮಾರು ಒಂದು ಕೋಟಿ ಜನರ ದ್ವೀಪವೆಲ್ಲ ಕತ್ತಲಾಯಿತು. ಅಲ್ಲಿ ಸ್ವದೇಶದ ಎಣ್ಣೆಯೂ ಇತ್ತೆಂಬುದನ್ನು ಲಕ್ಷ್ಯದಲ್ಲಿಡಬೇಕು. ಎಂದ ಮೇಲೆ ಉರುವಲು ನಮ್ಮದಾಗಿದ್ದರಷ್ಟೇ ಸಾಲದು. ಯಂತ್ರದ ಪಾಲನೆಗೆ ಬೇಕಾದ ಹಣವೂ ಜಾಣ್ಮೆಯೂ ನಮ್ಮಲ್ಲಿರಬೇಕು. ಒಂದೇ ಕಂಬದ ಮೇಲೆ ಇಡೀ ಮನೆಯನ್ನು ನಿಲ್ಲಿಸಬಾರದು.

ಮಹನೀಯರೇ, ದೂರದ ದೇಶಗಳ ಮಾತನ್ನು ಇಲ್ಲಿಗೆ ಬಿಟ್ಟು ಈಗ ನಮ್ಮ ನಾಡಿಗೆ ಬರೋಣ.

ಕನ್ನಡ ನಾಡಿನ ವಿದ್ಯುಚ್ಛಕ್ತಿಯ ಇತಿಹಾಸವು ನೀರಿನಿಂದ ಆರಂಭವಾಗುವದು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1948ರಲ್ಲಿ ಜೋಗದ ಯಂತ್ರಾಗಾರವು ಕೆಲಸಕ್ಕೆ ತೊಡಗಿತು. 1964ರಿಂದ ಮುಂದೆ ಶರಾವತಿಯ ಯಂತ್ರಗಳು ಒಂದೊಂದಾಗಿ ನಿಂತು 1,035 ಮೆಗಾವಾಟ್ ಶಕ್ತಿಯು ನಮ್ಮದಾಯಿತು. ಕಲ್ಲಿದ್ದಲಿಲ್ಲದ, ಎಣ್ಣೆಯಿಲ್ಲದ ನಮ್ಮ ನಾಡಿಗೆ ಸಹ್ಯಾದ್ರಿಯ ಮಳೆಯೇ ಗಣಿಯಾಗಿತ್ತು. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಯಂತ್ರಾಗಾರವು ಆರಂಭವಾಗುವ ವರೆಗೆ ನಾವು ಬಹುಮಟ್ಟಿಗೆ ನೀರನ್ನೇ ನಂಬಿ ಬಾಳಿದೆವು.

ಆದರೆ ಮಳೆಯೂ ಒಮ್ಮೊಮ್ಮೆ ಮುನಿಯುವದು. ಒಂದು ಮುಂಗಾರು ಸೋತರೆ ಜಲಾಶಯದ ತಳವು ಕಾಣುವದು; ಗಿರಣಿಗಳು ವಾರದಲ್ಲಿ ಕೆಲ ದಿನ ನಿಲ್ಲುವವು; ಪರೀಕ್ಷೆಯ ಕಾಲದಲ್ಲಿಯೇ ಹುಡುಗರು ಕಂದೀಲಿನ ಮುಂದೆ ಕೂಡ್ರಬೇಕಾಗುವದು. ಎಂಬತ್ತರ ಹಾಗೂ ತೊಂಬತ್ತರ ದಶಕಗಳ ವಿದ್ಯುತ್ತಿನ ಬರಗಾಲವನ್ನು ನಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಇತ್ತ ಬೆಂಗಳೂರು ವರುಷ ವರುಷಕ್ಕೆ ಬೆಳೆಯುತ್ತಿತ್ತು. ಅತ್ತ ಹೊಸ ಯೋಜನೆಗಳು ಕಾಗದದ ಮೇಲಿದ್ದವು. ಆಗ ನಮ್ಮ ನಾಡು, ಆ ಶಿಕ್ಷಕರು ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡಿತು: ಬೇಗನೆ ನಿಲ್ಲುವಂಥದು ಯಾವುದು?

ಉತ್ತರವಾಗಿ ಬೆಂಗಳೂರಿನ ಹತ್ತಿರದ ಯಲಹಂಕದಲ್ಲಿ 1993-94ರಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಡೀಸೆಲ್ ಯಂತ್ರಾಗಾರವು ಎದ್ದುನಿಂತಿತು. ಆರು ಯಂತ್ರಗಳು, ಒಟ್ಟು ಶಕ್ತಿಯು ಸುಮಾರು 128 ಮೆಗಾವಾಟ್. ನೀರನ್ನು ಅವಲಂಬಿಸಿದ್ದ ನೆರೆಯ ಕೇರಳವೂ ಇದೇ ದಾರಿಯನ್ನು ಹಿಡಿದು ತೊಂಬತ್ತರ ದಶಕದ ಕೊನೆಯಲ್ಲಿ ಬ್ರಹ್ಮಪುರದಲ್ಲಿಯೂ ಕೋಳಿಕ್ಕೋಡಿನಲ್ಲಿಯೂ ಡೀಸೆಲ್ ಯಂತ್ರಾಗಾರಗಳನ್ನು ಕಟ್ಟಿತು. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಗೆ ಇನ್ನೂ ವಿಚಿತ್ರವಾದ ಯಂತ್ರಾಗಾರವೊಂದು ಬಂದಿತು. ಅದು ನೆಲದ ಮೇಲೆ ಕಟ್ಟಿದುದಲ್ಲ. ನೀರಿನಲ್ಲಿ ತೇಲುವ ದೋಣಿಯ ಮೇಲೆ ಕೂಡ್ರಿಸಿದ 220 ಮೆಗಾವಾಟಿನ ಅನಿಲ ಚಕ್ರದ ಯಂತ್ರಾಗಾರ. ಅದರ ಆಹಾರವು ನಾಫ್ತಾ ಎಂಬ, ಕಚ್ಚಾ ಎಣ್ಣೆಯಿಂದಲೇ ತೆಗೆದ, ತೆಳುವಾದ ದ್ರವ.

ಈ ಯಂತ್ರಾಗಾರಗಳು ಕಷ್ಟಕಾಲದಲ್ಲಿ ನಾಡಿನ ಕೈಹಿಡಿದವೆಂಬುದು ನಿರ್ವಿವಾದ. ಆದರೆ ಅವುಗಳ ಹೊಟ್ಟೆಯ ಲೆಕ್ಕವನ್ನು ನೋಡಿರಿ. 128 ಮೆಗಾವಾಟಿನ ಯಂತ್ರಾಗಾರವು ಹಗಲಿರುಳು ಪೂರ್ಣ ಶಕ್ತಿಯಿಂದ ನಡೆದರೆ ಒಂದು ದಿನಕ್ಕೆ ಸುಮಾರು 30 ಲಕ್ಷ 72 ಸಾವಿರ ಯುನಿಟ್ಟುಗಳಾಗುವವು. ಮೊದಲು ಹೇಳಿದ 215 ಗ್ರಾಮಿನಂತೆ ಗುಣಿಸಿದರೆ ದಿನವೊಂದಕ್ಕೆ 660 ಟನ್ನು ಎಣ್ಣೆ! ಇಷ್ಟನ್ನೂ ಸಮುದ್ರದ ದಂಡೆಯಿಂದ ಸುಮಾರು 200 ಮೈಲು ಒಳನಾಡಿಗೆ ಘಟ್ಟವೇರಿಸಿ ತರಬೇಕು. ಅದರ ಬಹುಭಾಗವನ್ನು ಅದಕ್ಕೂ ಮೊದಲು ಕಡಲಾಚೆಯಿಂದ ಡಾಲರು ಕೊಟ್ಟು ಕೊಳ್ಳಬೇಕು. ನಮ್ಮ ದೇಶವು ತನಗೆ ಬೇಕಾದ ಕಚ್ಚಾ ಎಣ್ಣೆಯ ನೂರರಲ್ಲಿ ಎಂಬತ್ತೈದಕ್ಕೂ ಮಿಕ್ಕು ಭಾಗವನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿದೆ. ನೀರಿನ ಯಂತ್ರಾಗಾರವನ್ನು ಒಮ್ಮೆ ಕಟ್ಟಿದ ಮೇಲೆ ಮೋಡವು ಬೆಲೆಯನ್ನು ಕೇಳುವದಿಲ್ಲ. ಎಣ್ಣೆಯ ಯಂತ್ರಾಗಾರವು ಕಟ್ಟುವಾಗ ಸೋವಿ, ನಡೆಯಿಸುವಾಗ ತುಟ್ಟಿ. ಪ್ರತಿಯೊಂದು ಯುನಿಟ್ಟಿನಲ್ಲಿಯೂ ದೂರದ ಯುದ್ಧದ, ದೂರದ ಪೇಟೆಯ ದರವು ಅಡಗಿರುವದು.

ಕೊನೆಗೆ ಅವುಗಳ ಗತಿಯೂ ಹಾಗೆಯೇ ಆಯಿತು. ನಾಫ್ತಾದ ಬೆಲೆಯೇರಿದಂತೆ ತಣ್ಣೀರುಬಾವಿಯ ವಿದ್ಯುತ್ತು ಭಾರವಾಯಿತು. ಒಪ್ಪಂದದ ಅವಧಿ ಮುಗಿದ ಮೇಲೆ ಆ ತೇಲುವ ಯಂತ್ರಾಗಾರವನ್ನು ಆಂಧ್ರದ ಕಾಕಿನಾಡಕ್ಕೆ ಸಾಗಿಸಿ, ಅನಿಲದಿಂದ ನಡೆಯುವಂತೆ ಮಾರ್ಪಡಿಸಿದರು. ಯಲಹಂಕದ ಡೀಸೆಲ್ ಯಂತ್ರಗಳೂ ಕಾಲಾಂತರದಲ್ಲಿ ನಿಂತುಹೋದವು. ಆ ಸ್ಥಳದಲ್ಲಿ ನೈಸರ್ಗಿಕ ಅನಿಲದಿಂದ ನಡೆಯುವ 370 ಮೆಗಾವಾಟಿನ ಯಂತ್ರಾಗಾರವು 2024ರಲ್ಲಿ ಉದ್ಘಾಟನೆಗೊಂಡಿತು. ಇಡೀ ಹಿಂದುಸ್ಥಾನವನ್ನು ತೆಗೆದುಕೊಂಡರೂ, 2024ರ ಮಾರ್ಚದಲ್ಲಿ 4 ಲಕ್ಷ 40 ಸಾವಿರ ಮೆಗಾವಾಟಿಗೂ ಮಿಕ್ಕಿದ್ದ ಶಕ್ತಿಯಲ್ಲಿ ಡೀಸೆಲ್ ಯಂತ್ರಾಗಾರಗಳ ಪಾಲು 600 ಮೆಗಾವಾಟನ್ನೂ ಮುಟ್ಟಿರಲಿಲ್ಲ. ಬಂದ ನೆಂಟನು ಬಂದ ಕೆಲಸ ಮುಗಿಸಿ ಹೊರಟುಹೋದನು.

ಹಾಗಾದರೆ ಎಣ್ಣೆಗೆ ಇನ್ನು ಯಾವ ಸ್ಥಾನವೂ ಇಲ್ಲವೇ? ಇದೆ, ಮತ್ತು ಆ ಸ್ಥಾನವನ್ನು ಸರಿಯಾಗಿ ಗುರುತಿಸುವದೇ ನಮ್ಮ ಇಂದಿನ ಭಾಷಣದ ಮುಖ್ಯ ಉದ್ದೇಶ.

ಮೊದಲನೆಯದಾಗಿ, ತಂತಿಯು ಮುಟ್ಟಲಾರದ ನೆಲೆಗಳು. ಅರಬ್ಬೀ ಸಮುದ್ರದ ಲಕ್ಷದ್ವೀಪದ ಚಿಕ್ಕ ಚಿಕ್ಕ ದ್ವೀಪಗಳಿಗೆ ಹೊಳೆಯಿಲ್ಲ, ಗಣಿಯಿಲ್ಲ, ಭೂಖಂಡದಿಂದ ತಂತಿಯೂ ಇಲ್ಲ. ಹಡಗಿನಲ್ಲಿ ಬರುವ ಡೀಸೆಲಿನಿಂದಲೇ ಅಲ್ಲಿಯ ಮನೆಗಳು ಬಹುಕಾಲ ಬೆಳಗಿವೆ. ಈಗ ಅಲ್ಲಿಯೂ ಸೂರ್ಯನ ಬಿಸಿಲನ್ನು ಹಿಡಿದು ಬ್ಯಾಟರಿಯಲ್ಲಿ ಕೂಡಿಡುವ ಪ್ರಯತ್ನವು ನಡೆದಿದೆ. ಅದು ಪೂರ್ತಿಯಾಗಿ ಕೈಗೂಡುವ ವರೆಗೆ ಡೀಸೆಲನ್ನು ಬೈದು ಪ್ರಯೋಜನವಿಲ್ಲ.

ಎರಡನೆಯದಾಗಿ, ಆಪತ್ಕಾಲದ ಕಾವಲು. 2012ರ ಜುಲೈ 30 ಹಾಗೂ 31ರಂದು ಉತ್ತರ ಹಿಂದುಸ್ಥಾನದ ವಿದ್ಯುಜ್ಜಾಲವು ಕುಸಿಯಿತು. ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯ ಭಾಗಗಳೂ ಅದರೊಡನೆ ಬಿದ್ದು ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ವಿದ್ಯುತ್ತಿಲ್ಲದೆ ನಿಂತಿತು. ಆಗ ಆಸ್ಪತ್ರೆಗಳ ಶಸ್ತ್ರಕ್ರಿಯೆಯ ಕೋಣೆಗಳನ್ನು ಬೆಳಗಿದ್ದು ಡೀಸೆಲ್ ಯಂತ್ರಗಳೇ. ದಕ್ಷಿಣದ ಜಾಲವು ಆ ಕಾಲಕ್ಕೆ ಉಳಿದುದರೊಡನೆ ಒಂದೇ ತಾಳದಲ್ಲಿ ಬೆಸೆದಿರಲಿಲ್ಲವಾದ್ದರಿಂದ ನಮ್ಮ ನಾಡು ಪಾರಾಯಿತು. 2013ರ ಡಿಸೆಂಬರ 31ರಂದು ರಾಯಚೂರು-ಸೋಲಾಪುರದ ದೊಡ್ಡ ತಂತಿಯ ಮೂಲಕ ನಾವೂ ಅದರಲ್ಲಿ ಸೇರಿದೆವು. ಸೇರಿದ್ದರಿಂದ ನಮ್ಮ ಬಲವು ಹೆಚ್ಚಿತು. ಮಳೆ ಸೋತ ವರುಷದಲ್ಲಿ ಉತ್ತರದ ವಿದ್ಯುತ್ತನ್ನು ತರಿಸಿಕೊಳ್ಳಬಹುದು. ಆದರೆ ನೆರೆಯವನ ಕೇಡಿನಲ್ಲಿಯೂ ಪಾಲುಗೊಳ್ಳಬೇಕಾದೀತು. ಆದುದರಿಂದ ಆಪತ್ಕಾಲದ ಕಾವಲು ನಮಗೆ ಮೊದಲಿಗಿಂತ ಹೆಚ್ಚು ಅವಶ್ಯಕ.

ಆ ಕಾವಲನ್ನಾದರೂ ಎಚ್ಚರದಿಂದ ಇಡಬೇಕು. 2011ರ ಮಾರ್ಚ 11ರಂದು ಜಪಾನದಲ್ಲಿ ಭೂಕಂಪವಾದಾಗ ಫುಕುಶಿಮಾದ ಅಣು ಯಂತ್ರಾಗಾರಕ್ಕೆ ಹೊರಗಿನ ವಿದ್ಯುತ್ತು ಕಡಿದುಹೋಯಿತು. ಅಂಥ ಹೊತ್ತಿಗೆಂದೇ ಇಟ್ಟಿದ್ದ ಡೀಸೆಲ್ ಯಂತ್ರಗಳು ಒಡನೆ ಆರಂಭವಾದವು. ಆದರೆ ಅವುಗಳಲ್ಲಿ ಹೆಚ್ಚಿನವು ಕಟ್ಟಡಗಳ ನೆಲಮಾಳಿಗೆಯಲ್ಲಿದ್ದವು. ಒಂದು ತಾಸಿನೊಳಗೆ ಸಮುದ್ರದ ತೆರೆಯು ಏರಿಬಂದು ಅವುಗಳನ್ನು ಮುಳುಗಿಸಿತು. ತಂಪು ನೀರು ನಿಂತು ಮೂರು ಅಣುಕುಲುಮೆಗಳು ಕರಗಿದವು. ಯಂತ್ರದಲ್ಲಿ ಕೊರತೆಯಿರಲಿಲ್ಲ, ಎಣ್ಣೆಯಲ್ಲಿ ಕೊರತೆಯಿರಲಿಲ್ಲ. ಅದನ್ನು ಇಟ್ಟ ಸ್ಥಳವು ತಪ್ಪಾಗಿತ್ತು. ನಮ್ಮ ಊರುಗಳಲ್ಲಿಯೂ ಆಸ್ಪತ್ರೆಯ ಡೀಸೆಲ್ ಯಂತ್ರವನ್ನು ಮಳೆಯ ನೀರು ನಿಲ್ಲುವ ತಗ್ಗಿನಲ್ಲಿ ಇಟ್ಟಿದ್ದರೆ ಅದನ್ನು ಇದ್ದೂ ಇಲ್ಲದಂತೆಯೇ ಎಣಿಸಬೇಕು.

ಈಗ ಕಟ್ಟಕಡೆಯ, ಆದರೆ ನಮ್ಮೆಲ್ಲರನ್ನೂ ಮುಟ್ಟುವ ಮಾತಿಗೆ ಬರುವೆವು. ಎಣ್ಣೆಯ ದೊಡ್ಡ ಯಂತ್ರಾಗಾರವು ನಮ್ಮ ನಾಡಿನಿಂದ ಹೊರಟುಹೋಯಿತೆಂದು ಹೇಳಿದೆವಷ್ಟೆ. ಅದು ನಿಜವಾಗಿ ಹೋಗಿದೆಯೇ? ನಮ್ಮ ಪೇಟೆಯಲ್ಲಿ ಒಮ್ಮೆ ನಡೆದುಹೋಗಿರಿ. ಅಂಗಡಿಯ ಮುಂದೊಂದು, ಕಲ್ಯಾಣಮಂಟಪದ ಹಿಂದೊಂದು, ಬ್ಯಾಂಕಿನ ಪಕ್ಕದಲ್ಲೊಂದು, ಎತ್ತರದ ವಸತಿಗೃಹದ ಅಂಗಳದಲ್ಲೊಂದು. ಆ ದೊಡ್ಡ ಯಂತ್ರಾಗಾರವು ನೂರಾರು ತುಂಡುಗಳಾಗಿ ನಮ್ಮ ಹಿತ್ತಲುಗಳಲ್ಲಿಯೇ ಬಂದು ಕುಳಿತಿದೆ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಇಲ್ಲಿಗೆ ಸರಿಯಾಗಿ ಒಪ್ಪುವದು.

ಈ ಚಿಕ್ಕ ಯಂತ್ರಗಳ ಮಿತವ್ಯಯವನ್ನು ಪರೀಕ್ಷಿಸೋಣ. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 10 ಯುನಿಟ್ಟಿನಷ್ಟು ಶಾಖವಿದ್ದರೂ, ಇವುಗಳಿಂದ ನಮಗೆ ದೊರೆಯುವದು 3 ಅಥವಾ ಮೂರೂವರೆ ಯುನಿಟ್ಟು ಮಾತ್ರ. ಲೀಟರಿಗೆ 90 ರೂಪಾಯಿಯೆಂದು ಹಿಡಿದರೆ ಯುನಿಟ್ಟಿಗೆ ಎಣ್ಣೆಯ ಖರ್ಚೇ 26ರಿಂದ 30 ರೂಪಾಯಿ. ಯಂತ್ರದ ಸವಕಳಿ, ದುರಸ್ತಿಗಳು ಬೇರೆ. ತಂತಿಯಿಂದ ಮನೆಗೆ ಬರುವ ವಿದ್ಯುತ್ತಿನ ದರದ ನಾಲ್ಕೈದು ಪಟ್ಟು! ಹೊಗೆಯಾದರೋ ದೊಡ್ಡ ಯಂತ್ರಾಗಾರದ ಚಿಮಣಿಯಿಂದ ಆಕಾಶಕ್ಕೆ ಹೋದರೆ, ಇದರಿಂದ ನೇರವಾಗಿ ದಾರಿಹೋಕನ ಮೂಗಿಗೇ ಬರುವದು. ಡೀಸೆಲಿನ ಹೊಗೆಯು ಶ್ವಾಸಕೋಶದ ಅರ್ಬುದಕ್ಕೆ ಕಾರಣವಾಗುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2012ರಲ್ಲಿ ಸಾರಿದೆ.

ಆಸ್ಪತ್ರೆಯ ಯಂತ್ರಕ್ಕೂ ಮಂಟಪದ ಯಂತ್ರಕ್ಕೂ ನಾವು ಒಂದೇ ನ್ಯಾಯವನ್ನು ಹಚ್ಚುವದಿಲ್ಲ. ಒಂದು ಜೀವವನ್ನುಳಿಸುವದು, ಇನ್ನೊಂದು ಸಾವಿರ ಬಣ್ಣದ ದೀಪಗಳನ್ನುರಿಸಿ ಯಜಮಾನನ ದೊಡ್ಡಸ್ತಿಕೆಯನ್ನು ತೋರಿಸುವದು. ಎರಡಕ್ಕೂ ಎಣ್ಣೆಯು ಬರುವದು ಒಂದೇ ಹಡಗಿನಿಂದ.

ಆದುದರಿಂದ ನಾವು ತಮ್ಮೆದುರು ಮೂರು ಸೂಚನೆಗಳನ್ನಿಡುವೆವು. ಒಂದು: ಪ್ರತಿಯೊಂದು ಊರಿನ ನಾಗರಿಕರೂ ತಮ್ಮ ಆಸ್ಪತ್ರೆ, ನೀರು ಎತ್ತುವ ಠಾಣೆ, ದೂರವಾಣಿ ಕಚೇರಿಗಳಲ್ಲಿರುವ ಡೀಸೆಲ್ ಯಂತ್ರಗಳನ್ನು ವರುಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ನಡೆಯಿಸಿ ನೋಡುವಂತೆ ನಗರಸಭೆಯನ್ನು ಒತ್ತಾಯಪಡಿಸಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿಯು ನಮಗೆ ಬೇಡ. ಎರಡು: ಕೆಲವು ತಾಸುಗಳ ದೀಪ, ಬೀಸಣಿಕೆಗಳಿಗಾಗಿ ಎಣ್ಣೆಯನ್ನು ಸುಡುವ ಶಾಲೆ, ವಾಚನಾಲಯ, ಕಚೇರಿಗಳು ಮಾಳಿಗೆಯ ಮೇಲೆ ಬಿಸಿಲಿನ ಹಲಗೆಗಳನ್ನೂ ಒಳಗೆ ಬ್ಯಾಟರಿಗಳನ್ನೂ ಇಟ್ಟುಕೊಳ್ಳಬೇಕು. ತುಮಕೂರು ಜಿಲ್ಲೆಯ ಬರಡು ಸೀಮೆಯಾದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಕ್ಷೇತ್ರವು ನಿಂತಿರುವಾಗ, ನಮ್ಮ ಮಾಳಿಗೆಗಳು ಬರಿದೇ ಕಾಯುತ್ತ ಕೂಡ್ರುವದು ಶೋಭಿಸದು. ಈ ವಾಚನಾಲಯವೇ ಇದಕ್ಕೆ ಮೊದಲ ಮೇಲ್ಪಂಕ್ತಿಯಾಗಲಿ. ಅದಕ್ಕೆ ತೆರೆಯುವ ವಂತಿಗೆಯ ಪಟ್ಟಿಯಲ್ಲಿ ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಬಿನ್ನಹ. ಮೂರು: ಶಿಕ್ಷಕ ಬಂಧುಗಳು ತಮ್ಮ ವಿದ್ಯಾರ್ಥಿಗಳಿಗೆ ಈ ಯುನಿಟ್ಟಿನ ಲೆಕ್ಕವನ್ನು ಕಲಿಸಬೇಕು. ತನ್ನ ಮನೆಯ ದೀಪವು ಯಾವ ಹೊಳೆಯಿಂದ, ಯಾವ ಗಣಿಯಿಂದ, ಯಾವ ಹಡಗಿನಿಂದ ಉರಿಯುತ್ತಿದೆಯೆಂಬುದನ್ನು ಬಲ್ಲ ಹುಡುಗನು ನಾಳೆ ಅದನ್ನು ವ್ಯರ್ಥವಾಗಿ ಉರಿಯಗೊಡಲಾರನು.

ಆ ಶಿಕ್ಷಕ ಮಿತ್ರರ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸಿ ಮಾತು ಮುಗಿಸುವೆವು. ಎಣ್ಣೆಯ ಯಂತ್ರವನ್ನು ನಿಲ್ಲಿಸಿ ಊರಿಗೆಲ್ಲ ಬೆಳಕು ಕೊಡಬಹುದು. ಎರಡು ವರುಷಗಳಲ್ಲಿಯೇ ಕೊಡಬಹುದು. ಆದರೆ ಆ ಬೆಳಕಿನ ಬೆಲೆಯನ್ನು ಗೊತ್ತುಮಾಡುವವರು ನಾವಾಗಿರುವದಿಲ್ಲ. ಅದು ಆಪತ್ತಿಗೆ ಒದಗುವ ಆಳಾಗಿರಲಿ. ಮನೆಯ ಯಜಮಾನಿಕೆಯು ಅದಕ್ಕೆ ಬೇಡ. ಕಳೆದ ತಿಂಗಳು ಈ ಹಿತ್ತಲಿನ ಯಂತ್ರವು ನಮ್ಮ ಸಭೆಯನ್ನು ಉಳಿಸಿತು. ಅದಕ್ಕೆ ನಾವು ಕೃತಜ್ಞರು. ಮುಂದಿನ ವರುಷ ಇದೇ ಸಭೆಯು ಸೇರಿ ದೀಪವು ಆರಿದಾಗ, ಗುಡುಗೂ ಹೊಗೆಯೂ ಇಲ್ಲದೆ ನಮ್ಮ ಮಾಳಿಗೆಯ ಬಿಸಿಲಿನಿಂದಲೇ ಅದು ಮತ್ತೆ ಹತ್ತಲೆಂದು ಹಾರೈಸುವೆವು.